ಭೂಗೋಳಕ್ಕೆ ಪದವಿ ತಂದುಕೊಟ್ಟ ಸರ್ ಹಾಲ್ಫರ್ಡ್ ಮ್ಯಾಕಿಂಡರ್

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದ ಗಾದೆ. ಸುತ್ತುವುದನ್ನೂ ಓದುವುದನ್ನೂ ಒಟ್ಟಿಗೆ ಮಾಡಿಸುವ ವಿಷಯ ಒಂದಿದ್ದರೆ ಅದು ಭೂಗೋಳಶಾಸ್ತ್ರ. ಆದರೆ ಹತ್ತನೆಯ ತರಗತಿ ಮುಗಿದ ಕೂಡಲೇ ನಮ್ಮ ಮಕ್ಕಳು ಮೊದಲು ಕೈಬಿಡುವುದೂ ಇದನ್ನೇ. ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ನಕ್ಷೆ ತುಂಬಿ ಐದು ಅಂಕ ಗಳಿಸಿದರೆ ಅಲ್ಲಿಗೆ ಭೂಗೋಳದ ಋಣ ತೀರಿತು ಎಂದುಕೊಳ್ಳುವವರೇ ಹೆಚ್ಚು. ಕರ್ನಾಟಕದ ಕಾಲೇಜುಗಳಲ್ಲಿ ಬಿ.ಎ. ಓದಿದ ನಮಗೆ ಇನ್ನೊಂದು ಸಂಗತಿಯೂ ಗೊತ್ತು. ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಭೂಗೋಳವನ್ನು ಐಚ್ಛಿಕವಾಗಿ ತೆಗೆದುಕೊಂಡ ಗೆಳೆಯರನ್ನು ನೋಡಿ, ಮುಂದೇನು ಮಾಡುತ್ತೀರಿ ಎಂದು ಕೇಳದ ನೆಂಟರಿರಲಿಲ್ಲ.

ಇಂದು ನಿನ್ನೆಯ ಪ್ರಶ್ನೆ ಇದಲ್ಲ. ಸುಮಾರು 140 ವರ್ಷಗಳ ಹಿಂದೆ ಇಂಗ್ಲೆಂಡಿನ ದೊಡ್ಡ ದೊಡ್ಡ ವಿದ್ವಾಂಸರೇ ಇದನ್ನು ಕೇಳುತ್ತಿದ್ದರು. ನದಿ, ಬೆಟ್ಟ, ರಾಜಧಾನಿಗಳ ಹೆಸರು ಬಾಯಿಪಾಠ ಮಾಡುವುದಕ್ಕೆ ವಿಶ್ವವಿದ್ಯಾಲಯ ಬೇಕೆ, ಅದಕ್ಕೊಂದು ಪದವಿ ಬೇಕೆ ಎಂಬುದು ಅವರ ಸಂದೇಹ. ಆ ಸಂದೇಹಕ್ಕೆ ಉತ್ತರ ಕೊಡಲು ತಮ್ಮ ಬಾಳಿನ ಬಹುಭಾಗವನ್ನು ಸವೆಸಿದವರು ಸರ್ ಹಾಲ್ಫರ್ಡ್ ಜಾನ್ ಮ್ಯಾಕಿಂಡರ್. ಅವರ ಜೀವನವನ್ನು ನಮ್ಮ ವಿದ್ಯಾರ್ಥಿ ಮಿತ್ರರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಅವರ ಹಿರಿಮೆಯ ಜೊತೆಗೆ ಅವರ ಕುಂದುಗಳನ್ನೂ ನಾವು ಇಲ್ಲಿ ಮರೆಮಾಚುವುದಿಲ್ಲ.

ಮ್ಯಾಕಿಂಡರ್ ಹುಟ್ಟಿದ್ದು 1861ರ ಫೆಬ್ರವರಿ 15ರಂದು, ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತ್ಯದ ಗೇನ್ಸ್‌ಬರೋ ಎಂಬ ಪುಟ್ಟ ಊರಿನಲ್ಲಿ. ತಂದೆ ಡ್ರೇಪರ್ ಮ್ಯಾಕಿಂಡರ್ ಊರಿನ ವೈದ್ಯರು. ಊರಿನ ಪಕ್ಕದಲ್ಲೇ ಟ್ರೆಂಟ್ ನದಿ ಹರಿಯುತ್ತದೆ. ಸಮುದ್ರದಲ್ಲಿ ದೊಡ್ಡ ಭರತ ಬಂದ ದಿನಗಳಲ್ಲಿ ಅಲೆಯೊಂದು ನದಿಯ ಹರಿವಿಗೆ ಎದುರಾಗಿ ಮೇಲಕ್ಕೆ ಏರಿ ಬರುತ್ತದೆ. ನದಿ ಹಿಮ್ಮುಖವಾಗಿ ಓಡುವಂತೆ ಕಾಣುವ ಆ ದೃಶ್ಯ ಇಂದಿಗೂ ಅಲ್ಲಿನ ಮಕ್ಕಳಿಗೆ ಬೆರಗು. ಇಂಥ ನದೀತೀರದಲ್ಲಿ ಬೆಳೆದ ಹುಡುಗನಿಗೆ ನೀರು, ನೆಲ, ಗಾಳಿಗಳ ಬಗ್ಗೆ ಕುತೂಹಲ ಹುಟ್ಟಿದ್ದು ಸಹಜವೇ.

ಕುತೂಹಲಕ್ಕೆ ಇನ್ನೊಂದು ಮುಖವೂ ಇತ್ತು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ನಡೆಯಿತು. ಸೆಡಾನ್ ಎಂಬಲ್ಲಿ ಫ್ರಾನ್ಸಿನ ಚಕ್ರವರ್ತಿ ಸೋತು ಶರಣಾದ ಸುದ್ದಿಯನ್ನು ಊರಿನ ಅಂಚೆ ಕಚೇರಿಯಲ್ಲಿ ನೋಡಿ ಮನೆಗೆ ಓಡಿಬಂದು ತಂದೆಗೆ ತಿಳಿಸಿದವನು ಒಂಬತ್ತು ವರ್ಷದ ಈ ಬಾಲಕ. ಅಷ್ಟು ದೂರದ ಒಂದು ಊರಿನಲ್ಲಿ ನಡೆದ ಘಟನೆ ಇಡೀ ಯೂರೋಪಿನ ಬಾಳನ್ನು ಬದಲಿಸಬಲ್ಲದು ಎಂಬ ಅರಿವು ಅಂದು ಅವನ ಮನಸ್ಸಿನಲ್ಲಿ ಬೇರೂರಿತು. ಆ ಯುದ್ಧದ ನೆನಪನ್ನು ಮ್ಯಾಕಿಂಡರ್ ಮುಪ್ಪಿನಲ್ಲಿಯೂ ಹೇಳಿಕೊಳ್ಳುತ್ತಿದ್ದರು.

ಊರಿನ ಗ್ರಾಮರ್ ಶಾಲೆ ಹಾಗೂ ಎಪ್ಸಮ್ ಕಾಲೇಜಿನಲ್ಲಿ ಓದು ಮುಗಿಸಿ 1880ರಲ್ಲಿ ಅವರು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದರು. ಭೂಗೋಳದಲ್ಲಿ ಪದವಿ ಪಡೆಯೋಣವೆಂದರೆ ಅಂಥ ಪದವಿಯೇ ಅಲ್ಲಿ ಇರಲಿಲ್ಲ. ಹಾಗಾಗಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡರು. ಅವರ ಗುರುಗಳು ಹೆನ್ರಿ ಮೋಸ್ಲಿ. 1872ರಿಂದ 1876ರವರೆಗೆ ಸಮುದ್ರಗಳ ಅಧ್ಯಯನಕ್ಕಾಗಿ ಜಗತ್ತನ್ನೇ ಸುತ್ತಿದ ಚಾಲೆಂಜರ್ ಹಡಗಿನಲ್ಲಿ ವಿಜ್ಞಾನಿಯಾಗಿದ್ದವರು ಅವರು. ಜೀವಿಗೂ ಅದು ಬಾಳುವ ಪರಿಸರಕ್ಕೂ ಇರುವ ಸಂಬಂಧವನ್ನು ಶಿಷ್ಯ ಅವರಿಂದ ಕಲಿತರು. 1883ರಲ್ಲಿ ವಿಜ್ಞಾನದಲ್ಲಿ ತೇರ್ಗಡೆಯಾದ ಮೇಲೆ ಮರುವರ್ಷವೇ ಆಧುನಿಕ ಇತಿಹಾಸದ ಪರೀಕ್ಷೆಗೂ ಕುಳಿತರು. ನಡುವೆ ಆಕ್ಸ್‌ಫರ್ಡ್ ಯೂನಿಯನ್ ಎಂಬ ಪ್ರಸಿದ್ಧ ಚರ್ಚಾ ಸಂಘದ ಅಧ್ಯಕ್ಷರೂ ಆದರು. ಭೂವಿಜ್ಞಾನದಲ್ಲಿ ವಿದ್ಯಾರ್ಥಿವೇತನ ಗಳಿಸಿದರು. ಸಾಲದೆಂಬಂತೆ ಕಾನೂನು ಓದಿ 1886ರಲ್ಲಿ ವಕೀಲರೂ ಆದರು.

ಒಬ್ಬ ವ್ಯಕ್ತಿ ಇಷ್ಟೊಂದು ವಿಷಯಗಳನ್ನು ಓದಿದ್ದು ಚಂಚಲತೆಯಿಂದಲ್ಲ. ವಿಜ್ಞಾನ ಓದಿದವರಿಗೆ ಮನುಷ್ಯನ ಕಥೆ ಬೇಡ, ಇತಿಹಾಸ ಓದಿದವರಿಗೆ ಮಣ್ಣು ಮಳೆಗಳ ವಿಚಾರ ಬೇಡ ಎಂಬಂತಿದ್ದ ಕಾಲ ಅದು. ಈ ಎರಡು ದಡಗಳ ನಡುವೆ ಸೇತುವೆ ಇಲ್ಲದಿರುವುದು ಅವರ ಕಣ್ಣಿಗೆ ಬಿತ್ತು. ಆ ಸೇತುವೆ ಭೂಗೋಳವೇ ಆಗಬೇಕೆಂದು ಅವರು ನಿರ್ಧರಿಸಿದರು.

1885ರಿಂದ ಅವರು ವಿಶ್ವವಿದ್ಯಾಲಯದ ವಿಸ್ತರಣಾ ಉಪನ್ಯಾಸಕರಾಗಿ ರೈಲಿನಲ್ಲಿ ಊರೂರು ಸುತ್ತಿದರು. ಕಾಲೇಜಿನ ಮೆಟ್ಟಿಲು ಹತ್ತಲಾಗದ ಕಾರ್ಮಿಕರು, ಅಂಗಡಿಯವರು, ಶಾಲಾ ಶಿಕ್ಷಕರು, ಹೆಣ್ಣುಮಕ್ಕಳು ಸಂಜೆಯ ಹೊತ್ತು ಸೇರುತ್ತಿದ್ದರು. ಅವರ ಮುಂದೆ ನಿಂತು ಮ್ಯಾಕಿಂಡರ್ ಹೊಸ ಭೂಗೋಳವನ್ನು ವಿವರಿಸುತ್ತಿದ್ದರು. ಊರುಗಳ ಪಟ್ಟಿ ಒಪ್ಪಿಸುವುದು ಹಳೆಯ ಭೂಗೋಳ. ಊರು ಅಲ್ಲೇ ಏಕೆ ಹುಟ್ಟಿತು ಎಂದು ಕೇಳುವುದು ಹೊಸ ಭೂಗೋಳ.

ಈ ವ್ಯತ್ಯಾಸವನ್ನು ನಮ್ಮ ನಾಡಿನ ಒಂದು ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 500 ಮಿಲಿಮೀಟರಿನ ಆಸುಪಾಸು. ಈ ಅಂಕಿಗಳನ್ನು ಬಾಯಿಪಾಠ ಮಾಡಿದರೆ ಅದು ಪಟ್ಟಿ ಮಾತ್ರ. ಅರಬ್ಬೀ ಸಮುದ್ರದ ತೇವದ ಗಾಳಿಯನ್ನು ಪಶ್ಚಿಮ ಘಟ್ಟ ತಡೆಯುತ್ತದೆ, ಘಟ್ಟದ ನೆತ್ತಿಯಲ್ಲಿ ಮಳೆ ಸುರಿದು ಹೋಗಿ ಅದರ ಹಿಂಬದಿಯ ಬಯಲು ಮಳೆಯ ನೆರಳಿನಲ್ಲಿ ಉಳಿಯುತ್ತದೆ ಎಂದು ತಿಳಿದಾಗ ಅದು ವಿಜ್ಞಾನವಾಗುತ್ತದೆ. ಆ ಕಾರಣದಿಂದ ಒಂದು ಕಡೆ ಅಡಿಕೆ, ಭತ್ತ, ಇಳಿಜಾರಿನ ಹೆಂಚಿನ ಮಾಡು; ಇನ್ನೊಂದು ಕಡೆ ಶೇಂಗಾ, ರಾಗಿ, ಕುರಿಮಂದೆ ಎಂದು ಮುಂದುವರಿದರೆ ಅದೇ ಮನುಷ್ಯನ ಕಥೆಯೂ ಆಗುತ್ತದೆ. ಎರಡನ್ನೂ ಒಂದೇ ಪಾಠದಲ್ಲಿ ಹೇಳಬೇಕೆಂಬುದೇ ಮ್ಯಾಕಿಂಡರ್ ಅವರ ವಾದ.

ಇದೇ ಸಮಯದಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಗೂ ಚಿಂತೆ ಹತ್ತಿತ್ತು. ಜರ್ಮನಿಯ ಬರ್ಲಿನ್ನಿನಲ್ಲಿ 1820ರಷ್ಟು ಹಿಂದೆಯೇ ಕಾರ್ಲ್ ರಿಟ್ಟರ್ ಭೂಗೋಳದ ಪ್ರಾಧ್ಯಾಪಕರಾಗಿದ್ದರು. 1874ರಲ್ಲಿ ಪ್ರಷ್ಯಾ ಸರ್ಕಾರ ತನ್ನ ವಿಶ್ವವಿದ್ಯಾಲಯಗಳಲ್ಲಿ ಭೂಗೋಳ ಪೀಠಗಳನ್ನು ತೆರೆಯಲು ತೀರ್ಮಾನಿಸಿತ್ತು. ಸೂರ್ಯ ಮುಳುಗದ ಸಾಮ್ರಾಜ್ಯ ತಮ್ಮದೆನ್ನುವ ಇಂಗ್ಲೆಂಡಿನಲ್ಲಿ ಮಾತ್ರ ಈ ವಿಷಯ ಹಿಂದುಳಿದಿತ್ತು. ಸೊಸೈಟಿಯ ಪರವಾಗಿ ಜಾನ್ ಸ್ಕಾಟ್ ಕೆಲ್ಟಿ ಅವರು ಯೂರೋಪಿನ ಶಾಲೆಗಳನ್ನೆಲ್ಲ ನೋಡಿಬಂದು 1885ರಲ್ಲಿ ವರದಿ ಕೊಟ್ಟರು. ಅಲ್ಲಿನ ಭೂಪಟ, ಗೋಳ, ಪಠ್ಯಪುಸ್ತಕಗಳನ್ನು ತಂದು ಪ್ರದರ್ಶನವನ್ನೇ ಏರ್ಪಡಿಸಲಾಯಿತು.

1887ರ ಜನವರಿ 31ರಂದು ಅದೇ ಸೊಸೈಟಿಯ ವೇದಿಕೆಯ ಮೇಲೆ ಮ್ಯಾಕಿಂಡರ್ ಭೂಗೋಳದ ವ್ಯಾಪ್ತಿ ಮತ್ತು ವಿಧಾನಗಳ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ 26 ವರ್ಷವೂ ತುಂಬಿರಲಿಲ್ಲ. ಎದುರಿಗೆ ಕುಳಿತವರು ನರೆಗೂದಲಿನ ಸೇನಾಧಿಕಾರಿಗಳು, ನಾವಿಕರು, ಹಿಮಖಂಡಗಳನ್ನು ದಾಟಿ ಬಂದ ಅನ್ವೇಷಕರು. ಹೊಸ ಭೂಮಿ ಹುಡುಕುವುದೇ ಭೂಗೋಳ ಎಂದು ನಂಬಿದ್ದವರಿಗೆ, ಹುಡುಕುವ ಕೆಲಸ ಮುಗಿಯುತ್ತ ಬಂದಿದೆ, ಇನ್ನು ಮುಂದೆ ಕಾರಣಗಳನ್ನು ಹುಡುಕಬೇಕು ಎಂದು ಈ ಹುಡುಗ ಹೇಳಿದಾಗ ಹೇಗಾಗಿರಬೇಡ! ಮುಂದಿನ ಸಾಲಿನಲ್ಲಿದ್ದ ನೌಕಾಪಡೆಯ ಹಿರಿಯರೊಬ್ಬರು ಎಂಥ ಉದ್ಧಟತನವೆಂದು ಉಪನ್ಯಾಸದುದ್ದಕ್ಕೂ ಗೊಣಗುತ್ತಲೇ ಇದ್ದರಂತೆ. ಆದರೂ ಸೊಸೈಟಿ ಯುವಕನನ್ನು ಕೈಬಿಡಲಿಲ್ಲ. ಅದೇ ವರ್ಷ ಸೊಸೈಟಿಯೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೂ ಸೇರಿ ಸಂಬಳ ಕೊಟ್ಟು ಅವರನ್ನು ಭೂಗೋಳದ ರೀಡರ್ ಆಗಿ ನೇಮಿಸಿದವು.

ಹುದ್ದೆಯೇನೋ ಬಂತು, ವಿದ್ಯಾರ್ಥಿಗಳೆಲ್ಲಿ? ಮೊದಲ ತರಗತಿಗೆ ಬಂದವರು ಮೂವರು. ಒಬ್ಬರು ಅಲ್ಲಿನ ಅಧ್ಯಾಪಕರೇ. ಇನ್ನಿಬ್ಬರು ಹೆಂಗಸರು, ಪಾಠ ಕೇಳುತ್ತ ಹೆಣೆಯಲು ಉಣ್ಣೆ ದಾರವನ್ನೂ ತಂದಿದ್ದರು. ಭೂಗೋಳದಲ್ಲಿ ಪದವಿ ಇಲ್ಲ, ಪರೀಕ್ಷೆ ಇಲ್ಲ ಎಂದ ಮೇಲೆ ಬರುವವರಾದರೂ ಯಾರು? ಪರೀಕ್ಷೆಗೆ ಬಾರದ ಪಾಠಕ್ಕೆ ಮಕ್ಕಳು ಕಿವಿಗೊಡುವುದಿಲ್ಲ ಎಂಬುದು ಅಧ್ಯಾಪಕರಾದ ನಮಗೂ ತಿಳಿದ ಸತ್ಯವೇ! ಮ್ಯಾಕಿಂಡರ್ ಎದೆಗುಂದದೆ ಇತಿಹಾಸದ ವಿದ್ಯಾರ್ಥಿಗಳಿಗಾಗಿ ಬೇರೆ ಉಪನ್ಯಾಸಗಳನ್ನು ಸಿದ್ಧಪಡಿಸಿದರು. ಅವರ ಮಾತಿನ ಕೌಶಲದಿಂದ ತರಗತಿ ನಿಧಾನವಾಗಿ ತುಂಬತೊಡಗಿತು. ಆದರೆ ಅದು ಇತಿಹಾಸದ ಊಟಕ್ಕೆ ಉಪ್ಪಿನಕಾಯಿಯಂತಿತ್ತು. ಭೂಗೋಳವೇ ಊಟವಾಗುವ ದಿನ ಇನ್ನೂ ದೂರವಿತ್ತು.

ಆ ದಿನಕ್ಕಾಗಿ ಅವರು ಬೇರಿನಿಂದಲೇ ಕೆಲಸ ಆರಂಭಿಸಿದರು. ಶಾಲೆಯಲ್ಲಿ ಒಳ್ಳೆಯ ಶಿಕ್ಷಕರಿಲ್ಲದೆ ಕಾಲೇಜಿಗೆ ವಿದ್ಯಾರ್ಥಿಗಳು ಬಾರರು. ಕಾಲೇಜಿನಲ್ಲಿ ಕಲಿಸದೆ ಶಾಲೆಗೆ ಶಿಕ್ಷಕರು ದೊರೆಯರು. ಈ ಗಂಟನ್ನು ಬಿಡಿಸಲು ಅವರು ಕೆಲವು ಶಾಲಾ ಅಧ್ಯಾಪಕರೊಡನೆ ಸೇರಿ 1893ರಲ್ಲಿ ಜಿಯಾಗ್ರಫಿಕಲ್ ಅಸೋಸಿಯೇಷನ್ ಎಂಬ ಶಿಕ್ಷಕರ ಸಂಘ ಹುಟ್ಟಲು ನೆರವಾದರು. ಪಾಠಕ್ಕೆ ಬೇಕಾದ ಗಾಜಿನ ಸ್ಲೈಡುಗಳನ್ನು ಶಾಲೆಗಳು ಪರಸ್ಪರ ಹಂಚಿಕೊಳ್ಳುವುದು ಅದರ ಮೊದಲ ಕೆಲಸಗಳಲ್ಲೊಂದು. ಆ ಸಂಘ ಇಂದಿಗೂ ಇದೆ. 1892ರಲ್ಲಿ ರೆಡಿಂಗ್ ಪಟ್ಟಣದಲ್ಲಿ ತೆರೆದ ಹೊಸ ಕಾಲೇಜಿಗೆ ಅವರೇ ಮೊದಲ ಪ್ರಾಂಶುಪಾಲರಾದರು. ಅದು 1926ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 1895ರಲ್ಲಿ ಆರಂಭವಾದಾಗ ಅಲ್ಲಿಯೂ ಪಾಠ ಹೇಳಿದರು. 1903ರಿಂದ 1908ರವರೆಗೆ ಅದರ ನಿರ್ದೇಶಕರಾಗಿದ್ದರು. ಅಲ್ಲಿ ಸೇನಾಧಿಕಾರಿಗಳಿಗಾಗಿ ನಡೆಸಿದ ತರಗತಿಗೆ ಜನ ಅವರ ಹೆಸರನ್ನು ಶಿಶುವಿಹಾರಕ್ಕೆ ಜೋಡಿಸಿ ಮ್ಯಾಕಿಂಡರ್‌ಗಾರ್ಟನ್ ಎಂದು ತಮಾಷೆ ಮಾಡುತ್ತಿದ್ದರಂತೆ.

ಕೊನೆಗೂ 1899ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಕೂಲ್ ಆಫ್ ಜಿಯಾಗ್ರಫಿ ತೆರೆಯಿತು. ಸೊಸೈಟಿ ಮತ್ತು ವಿಶ್ವವಿದ್ಯಾಲಯ ವೆಚ್ಚವನ್ನು ಹಂಚಿಕೊಂಡವು. ಎ. ಜೆ. ಹರ್ಬರ್ಟ್‌ಸನ್ ಅವರಂಥ ಸಮರ್ಥ ಸಹಾಯಕರು ಸಿಕ್ಕರು. ಆದರೂ ಅಲ್ಲಿ ದೊರೆತದ್ದು ಪದವಿಯಲ್ಲ, ಡಿಪ್ಲೊಮಾ ಮಾತ್ರ.

ಅದೇ 1899ರ ಬೇಸಿಗೆಯಲ್ಲಿ ಮ್ಯಾಕಿಂಡರ್ ಪೂರ್ವ ಆಫ್ರಿಕಾಕ್ಕೆ ಹೊರಟರು. ಭೂಗೋಳಜ್ಞನೆಂದರೆ ಕಾಡುಮೇಡು ಅಲೆದವನೇ ಆಗಿರಬೇಕೆಂದು ನಂಬಿದ್ದ ಜನರ ಬಾಯಿ ಮುಚ್ಚಿಸಲು ಅವರು ಕೀನ್ಯಾ ಪರ್ವತವನ್ನು ಆರಿಸಿಕೊಂಡರು. ಸುಮಾರು 170 ಜನರ ದಂಡು ಅದು. ಹೊರೆ ಹೊತ್ತವರಲ್ಲಿ ಹೆಚ್ಚಿನವರು ಸ್ವಾಹಿಲಿ ಮತ್ತು ಕಿಕುಯು ಜನ. ಸೆಪ್ಟೆಂಬರ್ 13ರಂದು ಇಬ್ಬರು ಇಟಾಲಿಯನ್ ಮಾರ್ಗದರ್ಶಿಗಳಾದ ಸೆಸಾರ್ ಒಲಿಯೆ ಮತ್ತು ಜೋಸೆಫ್ ಬ್ರೊಶೆರೆಲ್ ಅವರೊಂದಿಗೆ ಮ್ಯಾಕಿಂಡರ್ 5,199 ಮೀಟರ್ ಎತ್ತರದ ಬಟಿಯನ್ ಶಿಖರವನ್ನು ಮುಟ್ಟಿದರು. ಅವರಿಗಿಂತ ಮೊದಲು ಅಲ್ಲಿಗೆ ಏರಿದವರ ದಾಖಲೆಯಿಲ್ಲ. ಮುಂದೆ 1929ರವರೆಗೂ ಆ ಶಿಖರವನ್ನು ಯಾರೂ ಹತ್ತಲಿಲ್ಲ.

ಈ ಸಾಹಸದ ಇನ್ನೊಂದು ಮುಖವನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಆ ವರ್ಷ ಆ ನಾಡಿನಲ್ಲಿ ಬರಗಾಲವಿತ್ತು, ಸಿಡುಬು ಹಬ್ಬಿತ್ತು. ದವಸ ತರಲು ಹೋದ ಇಬ್ಬರು ಸ್ವಾಹಿಲಿ ಆಳುಗಳು ದಾರಿಯಲ್ಲಿ ಕೊಲೆಯಾದರು. ಅದಕ್ಕಿಂತ ನೋವಿನ ಸಂಗತಿ ಬಹಳ ವರ್ಷಗಳ ಅನಂತರ ಬೆಳಕಿಗೆ ಬಂತು. ಮ್ಯಾಕಿಂಡರ್ ಬಿಟ್ಟುಹೋದ ಕಾಗದಪತ್ರಗಳನ್ನು ಪರಿಶೀಲಿಸಿದ ವಿದ್ವಾಂಸರಿಗೆ ಹೊರೆಯಾಳುಗಳ ಪಟ್ಟಿಯೊಂದು ಸಿಕ್ಕಿತು. ಅದರಲ್ಲಿ ಎಂಟು ಹೆಸರುಗಳ ಮುಂದೆ, ಅಪ್ಪಣೆಯ ಮೇರೆಗೆ ಗುಂಡಿಕ್ಕಲಾಯಿತು ಎಂಬ ಅರ್ಥದ ಟಿಪ್ಪಣಿ ಇತ್ತು. ಶಿಖರದ ಮೇಲೆ ನಿಂತವರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಹೊರೆ ಹೊತ್ತು ಮಡಿದವರ ಹೆಸರು ಪಟ್ಟಿಯ ಮೂಲೆಯಲ್ಲಿ ಅಡಗಿತು. ಇಂದು ಭೂಗೋಳದ ಪದವಿ ತರಗತಿಗಳಲ್ಲಿ ಇಂಥ ಪ್ರಶ್ನೆಗಳನ್ನೂ ಚರ್ಚಿಸುತ್ತಾರೆ ಎಂಬುದು ಸಮಾಧಾನದ ವಿಷಯ.

ಮ್ಯಾಕಿಂಡರ್ ಸಾಮ್ರಾಜ್ಯವನ್ನು ಮನಸಾರೆ ನಂಬಿದವರು. 1904ರ ಜನವರಿಯಲ್ಲಿ ಓದಿದ ಇತಿಹಾಸದ ಭೌಗೋಳಿಕ ತಿರುಗಣೆ ಎಂಬ ಅರ್ಥದ ಪ್ರಬಂಧದಿಂದ ಅವರ ಹೆಸರು ಜಗತ್ತಿಗೆಲ್ಲ ಹಬ್ಬಿತು. ಹಡಗುಗಳ ಕಾಲ ಮುಗಿಯುತ್ತಿದೆ, ರೈಲು ಬಂದ ಮೇಲೆ ಯೂರೋಪ್ ಮತ್ತು ಏಷ್ಯಾಗಳ ಒಳನಾಡನ್ನು ಹಿಡಿದವರ ಕೈ ಮೇಲಾಗುತ್ತದೆ ಎಂಬುದು ಅದರ ಸಾರ. ಈ ಒಳನಾಡನ್ನು 1919ರ ಪುಸ್ತಕದಲ್ಲಿ ಅವರು ಹಾರ್ಟ್‌ಲ್ಯಾಂಡ್ ಎಂದು ಕರೆದರು. ಜರ್ಮನಿಯ ಕಾರ್ಲ್ ಹೌಸ್‌ಹೋಫರ್ ಇದೇ ವಿಚಾರವನ್ನು ತಮ್ಮ ದೇಶದ ವಿಸ್ತರಣೆಯ ವಾದಕ್ಕೆ ಬಳಸಿಕೊಂಡರು. ಭೂಪಟವೆಂಬುದು ಬರಿಯ ಕಾಗದವಲ್ಲ. ಯಾರ ಕೈಯಲ್ಲಿದೆ, ಯಾವ ಉದ್ದೇಶಕ್ಕಿದೆ ಎಂಬುದರ ಮೇಲೆ ಅದರ ಒಳಿತು ಕೆಡುಕು ನಿಂತಿದೆ.

ಭಾರತೀಯರಾದ ನಮಗೂ ಅವರಿಗೂ ಒಂದು ನಂಟಿದೆ. ಬ್ರಿಟಿಷ್ ಶಾಲೆಗಳ ಮಕ್ಕಳಿಗೆ ಸಾಮ್ರಾಜ್ಯದ ದೇಶಗಳನ್ನು ಚಿತ್ರಗಳ ಮೂಲಕ ತೋರಿಸುವ ಯೋಜನೆಯೊಂದು ಅಂದು ನಡೆಯಿತು. ಅದಕ್ಕಾಗಿ ಹ್ಯೂ ಫಿಶರ್ ಎಂಬ ಕಲಾವಿದ ಭಾರತಕ್ಕೆ ಬಂದು ಫೋಟೋ ತೆಗೆದು, ಚಿತ್ರ ಬರೆದರು. ಅವುಗಳಿಗೆ ಹೊಂದುವಂತೆ ಮ್ಯಾಕಿಂಡರ್ ಭಾರತದ ಬಗ್ಗೆ ಎಂಟು ಉಪನ್ಯಾಸಗಳನ್ನು ಬರೆದು 1910ರಲ್ಲಿ ಪ್ರಕಟಿಸಿದರು. ಮದರಾಸಿನಿಂದ ಹೊರಟು ಬರ್ಮಾ, ಬಂಗಾಳ, ಮುಂಬಯಿ, ರಜಪೂತಾನ, ದೆಹಲಿಗಳನ್ನು ಸುತ್ತಿ ವಾಯವ್ಯ ಗಡಿಯವರೆಗೆ ಸಾಗುವ ಪಾಠಗಳವು. ಬಂಗಾಳದ ಪಾಠದಲ್ಲಿ ಮಾನ್ಸೂನಿನ ವಿವರಣೆಯೂ ಇದೆ. ಮುಂದೆ 1922ರಲ್ಲಿ ಹೊರಬಂದ ಕೇಂಬ್ರಿಜ್ ಭಾರತ ಇತಿಹಾಸದ ಮೊದಲ ಸಂಪುಟದ ಮೊದಲ ಅಧ್ಯಾಯವೂ ಅವರದೇ. ಇತಿಹಾಸ ಹೇಳುವ ಮೊದಲು ನೆಲವನ್ನು ಪರಿಚಯಿಸಬೇಕೆಂಬ ಅವರ ಹಟ ಅಲ್ಲಿ ಗೆದ್ದಿತ್ತು. ಆಳುವವರ ಕಣ್ಣಿನಿಂದ ಬರೆದದ್ದು ನಿಜ. ಆದರೂ ನಮ್ಮ ನಾಡಿನ ರಚನೆಯನ್ನು ಒಂದೇ ನೋಟದಲ್ಲಿ ಹಿಡಿದುಕೊಡುವ ಶಕ್ತಿ ಆ ಬರಹಕ್ಕಿದೆ.

1910ರಿಂದ 1922ರವರೆಗೆ ಅವರು ಗ್ಲಾಸ್ಗೋ ನಗರದಿಂದ ಸಂಸತ್ ಸದಸ್ಯರಾಗಿದ್ದರು. 1920ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಮನೆಯ ಬಾಳು ಮಾತ್ರ ಸುಖದ್ದಾಗಿರಲಿಲ್ಲ. ಒಬ್ಬನೇ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದ, ಪತಿಪತ್ನಿಯರು ದೂರವಾಗಿದ್ದರು.

ಅವರು ಕನಸು ಕಂಡ ಪದವಿ ಆ ವೇಳೆಗೆ ಒಂದೊಂದೇ ಕಡೆ ನನಸಾಗುತ್ತಿತ್ತು. 1917ರಲ್ಲಿ ಲಿವರ್‌ಪೂಲ್, 1918ರಲ್ಲಿ ಅಬೆರಿಸ್ಟ್‌ವಿತ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, 1919ರಲ್ಲಿ ಕೇಂಬ್ರಿಜ್ ಭೂಗೋಳದಲ್ಲಿ ಆನರ್ಸ್ ಪದವಿಯ ಓದನ್ನು ಆರಂಭಿಸಿದವು. ಅವರ ಸ್ವಂತ ಆಕ್ಸ್‌ಫರ್ಡ್ ಮಾತ್ರ ಎಲ್ಲರಿಗಿಂತ ಹಿಂದೆ ಉಳಿಯಿತು. ಅಲ್ಲಿ ಆ ಪದವಿ ಬಂದದ್ದು 1930ರ ದಶಕದ ಆರಂಭದಲ್ಲಿ, ಮೂವರು ಕೇಳುಗರ ಆ ಮೊದಲ ತರಗತಿ ನಡೆದು ನಾಲ್ಕು ದಶಕಗಳಿಗೂ ಹೆಚ್ಚು ಕಾಲವಾದ ಮೇಲೆ. 1932ರಲ್ಲಿ ಅಲ್ಲಿಗೆ ಭೂಗೋಳದ ಮೊದಲ ಪ್ರಾಧ್ಯಾಪಕರಾಗಿ ಬಂದ ಕೆನೆತ್ ಮೇಸನ್, ಸರ್ವೆ ಆಫ್ ಇಂಡಿಯಾದಲ್ಲಿ ದುಡಿದು ಹಿಮಾಲಯವನ್ನು ಅಳೆದವರು ಎಂಬುದು ನಮಗೆ ಸಂತೋಷದ ಸಂಗತಿ.

ಭಾರತದಲ್ಲಿಯೂ ಈ ಬೀಜ ಮೊಳೆಯಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಭೂಗೋಳ ವಿಭಾಗ ಹುಟ್ಟಿತು. ಕಲ್ಕತ್ತೆಯಲ್ಲಿ ಪ್ರೊ. ಎಸ್. ಪಿ. ಚಟರ್ಜಿ ಅವರು ಈ ಅಧ್ಯಯನವನ್ನು ಕಟ್ಟಿ ಬೆಳೆಸಿದರು. ಮೇಘಾಲಯ ಎಂಬ ಸುಂದರ ಹೆಸರನ್ನು ಮೊದಲು ಬಳಸಿದವರು ಅವರೇ. ಸಂಶೋಧನಾ ಪ್ರಬಂಧದಲ್ಲಿ ಭೂಗೋಳಜ್ಞರೊಬ್ಬರು ಇಟ್ಟ ಆ ಹೆಸರು 1972ರಲ್ಲಿ ಪೂರ್ಣ ರಾಜ್ಯವೊಂದರ ಹೆಸರಾಗಿ ಭೂಪಟದ ಮೇಲೆ ನಿಂತಿತು. ಇಂದು ಕರ್ನಾಟಕದಲ್ಲಿಯೂ ಮೈಸೂರು, ಧಾರವಾಡಗಳ ವಿಶ್ವವಿದ್ಯಾಲಯಗಳಲ್ಲಿ ಭೂಗೋಳ ವಿಭಾಗಗಳಿವೆ.

ಮ್ಯಾಕಿಂಡರ್ 1943ರಲ್ಲಿ, 82ನೆಯ ವಯಸ್ಸಿನಲ್ಲಿ, ಯುದ್ಧಾನಂತರದ ಶಾಂತಿಯ ಬಗ್ಗೆ ಮಹತ್ವದ ಲೇಖನ ಬರೆದರು. ಮೊದಲ ಉಪನ್ಯಾಸದಲ್ಲಿ ಗೊಣಗಾಟ ಕೇಳಿಸಿದ್ದ ಅದೇ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1945ರಲ್ಲಿ ಅವರಿಗೆ ತನ್ನ ಪದಕ ನೀಡಿ ಗೌರವಿಸಿತು. 1947ರ ಮಾರ್ಚ್ 6ರಂದು, ಭಾರತ ಸ್ವತಂತ್ರವಾಗುವುದಕ್ಕೆ ಐದು ತಿಂಗಳ ಮೊದಲು, ಅವರು ಕಣ್ಣುಮುಚ್ಚಿದರು. ಅವರು ನಂಬಿದ್ದ ಸಾಮ್ರಾಜ್ಯ ಕರಗಿತು. ಅವರು ಕಟ್ಟಿದ ಓದು ಉಳಿಯಿತು.

ಆ ಓದು ಇಂದು ಹೇಗಿದೆ? ಭೂಗೋಳದ ಪದವಿ ವಿದ್ಯಾರ್ಥಿ ಒಂದು ಕಡೆ ನದಿ, ಹವಾಮಾನ, ಮಣ್ಣು, ಭೂರೂಪಗಳನ್ನು ಓದುತ್ತಾನೆ. ಇನ್ನೊಂದು ಕಡೆ ಜನಸಂಖ್ಯೆ, ನಗರ, ವಲಸೆ, ಕೃಷಿ, ವ್ಯಾಪಾರಗಳನ್ನು ಓದುತ್ತಾನೆ. ನಕ್ಷೆ ಬರೆಯುವುದರ ಜೊತೆಗೆ ಸಂಖ್ಯಾಶಾಸ್ತ್ರ, ಉಪಗ್ರಹ ಚಿತ್ರಗಳ ವಿಶ್ಲೇಷಣೆ, ಕಂಪ್ಯೂಟರಿನಲ್ಲಿ ಜಿಐಎಸ್ ತಂತ್ರಾಂಶದ ಬಳಕೆ ಕಲಿಯುತ್ತಾನೆ. ಬೂಟು ಹಾಕಿಕೊಂಡು ಹಳ್ಳಕೊಳ್ಳಗಳಿಗೆ ಇಳಿದು ಕ್ಷೇತ್ರಕಾರ್ಯ ಮಾಡುತ್ತಾನೆ. ನಗರ ಯೋಜನೆ, ನೀರಿನ ನಿರ್ವಹಣೆ, ವಿಪತ್ತು ನಿರ್ವಹಣೆ, ಪರಿಸರ ಇಲಾಖೆ, ನಕ್ಷೆ ತಯಾರಿಸುವ ಕಂಪನಿ, ಆಡಳಿತ ಸೇವೆ, ಅಧ್ಯಾಪನ ಹೀಗೆ ಅನೇಕ ದಾರಿಗಳು ಅವನ ಮುಂದಿವೆ. ಎಲ್ಲರಿಗೂ ಇದೇ ತಕ್ಕ ವಿಷಯವೆಂದು ನಾವು ಹೇಳುವುದಿಲ್ಲ. ಲೆಕ್ಕವೂ ಬೇಕು ಕಥೆಯೂ ಬೇಕು ಎನ್ನುವ ಮಗು ನಿಮ್ಮ ಮನೆಯಲ್ಲಿದ್ದರೆ, ಬೇಸಿಗೆ ರಜೆಗೆ ಊರಿಗೆ ಹೋಗುವಾಗ ವಿಮಾನದ ಕಿಟಕಿಗೆ ಮುಖ ಒತ್ತಿ ಕೆಳಗಿನ ಕರಾವಳಿ ನೋಡುವ ಮಗು ನಿಮ್ಮದಾಗಿದ್ದರೆ, ಈ ಪದವಿಯ ಹೆಸರನ್ನೂ ಆಯ್ಕೆಯ ಪಟ್ಟಿಯಲ್ಲಿ ಬರೆದಿಡಿ ಎಂಬುದಷ್ಟೇ ಪೋಷಕರಲ್ಲಿ ನಮ್ಮ ವಿನಂತಿ.

ವಿದ್ಯಾರ್ಥಿ ಮಿತ್ರರೇ, ಮ್ಯಾಕಿಂಡರ್ ಅವರಿಂದ ನಾವು ಎರಡು ಪಾಠ ಕಲಿಯಬಹುದು. ಮೂವರು ಕೇಳುಗರಿದ್ದರೂ ನಂಬಿದ ವಿಷಯವನ್ನು ಬಿಡದೆ ಕಲಿಸುವ ಛಲ ಮೊದಲನೆಯದು. ಎರಡನೆಯದನ್ನು ಅವರ ಗುಣದಿಂದಲ್ಲ, ಕೊರತೆಯಿಂದ ಕಲಿಯಬೇಕು: ಜಗತ್ತಿನ ಭೂಪಟವನ್ನು ಎಷ್ಟು ಚೆನ್ನಾಗಿ ಓದಿದರೂ, ಆ ನೆಲದ ಮೇಲೆ ಹೊರೆ ಹೊತ್ತು ನಡೆಯುವ ಮನುಷ್ಯನನ್ನು ಕಾಣದಿದ್ದರೆ ಆ ಓದು ಅರ್ಧವೇ. ಈ ಎರಡು ಪಾಠಗಳನ್ನೂ ಮನಸ್ಸಿನಲ್ಲಿಟ್ಟುಕೊಂಡ ಒಬ್ಬ ಭೂಗೋಳಜ್ಞನೋ ಭೂಗೋಳಜ್ಞೆಯೋ ನಮ್ಮ ಶಾಲೆಯಿಂದ ಹೊರಬರಲಿ ಎಂದು ಮನಃಪೂರ್ವಕವಾಗಿ ಹಾರೈಸುತ್ತೇವೆ.